ಸೊಪ್ಪಿನ ರಾಶಿಯ ಕೆಳಗಿದ್ದ ಕೈ

"ಕೈ ತೆಗಿ ಮಾರಾಯ್ತಿ! ಅದೆಂತ ಮಾಡ್ತಿದ್ದೀ?" ಎಂದು ಕೂಗಿದೆ. ಬೆನ್ನಿಗೆ ಚೀಲ ಹಾಕಿದ ಹುಡುಗಿಯೊಬ್ಬಳು ನಮ್ಮ ಕಾಡುದಾರಿಯ ಸೊಪ್ಪಿನಪ್ಪ ದೇವರ ಕಲ್ಲಿನ ಮೇಲಿದ್ದ ಸೊಪ್ಪನ್ನೆಲ್ಲ ಎಳೆದು ಹಾಕುತ್ತಿದ್ದಳು. ಹಳೆಯ ಕಲ್ಲುಗಳನ್ನು ನೋಡುತ್ತ ಕೊಪ್ಪದಿಂದ ಶೃಂಗೇರಿಗೆ ನಡೆದೇ ಹೊರಟವಳಂತೆ.

ಆ ದಾರಿಯಲ್ಲಿ ಹೋಗುವವರೆಲ್ಲ ಅಪ್ಪನಿಗೆ ಒಂದು ಹಸಿರು ಟೊಂಗೆ ಹಾಕಿಯೇ ಮುಂದೆ ಹೋಗಬೇಕು. ಹಾಗಾಗಿ ರಾಶಿಯ ಕೆಳಗಿನ ಕಲ್ಲನ್ನು ಯಾರೂ ಕಂಡಿರಲಿಲ್ಲ. ಗಂಡ ಸತ್ತವಳು ಮಾತ್ರ ಹಾಕಬಾರದು, ಅಪ್ಪನಿಗೆ ಆಗುವುದಿಲ್ಲ ಎಂದು ಹಿರಿಯರ ಮಾತು. ನಮ್ಮ ಮನೆಯವರು ಹೋದ ಮೇಲೆ ಹನ್ನೆರಡು ವರ್ಷ ನಾನು ಬರಿಗೈಯಲ್ಲೇ ದಾಟಿದ್ದೆ.

"ಇದು ಅಪ್ಪ ಅಲ್ಲ ಅಜ್ಜಿ, ಮಾಸ್ತಿಕಲ್ಲು. ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದ ಹೆಂಗಸಿಂದು," ಎಂದಳು ಹುಡುಗಿ. ಬಗ್ಗಿ ನೋಡಿದೆ. ಕಲ್ಲಿನಲ್ಲಿ ಕೆತ್ತಿದ, ಮೇಲೆತ್ತಿದ ಒಂದು ಕೈ, ಅದರ ತುಂಬ ಬಳೆ.

"ಗಂಡ ಸತ್ತವಳಿಗೇ ಕೈಮುಗ್ದು, ಗಂಡ ಸತ್ತವಳನ್ನೇ ದೂರ ಇಟ್ರಲ್ಲ ಇವ್ರು!" ಎಂದೆ. ಸೊಂಟದ ಕತ್ತಿ ತೆಗೆದು ಮತ್ತಿ ಮರದ ಟೊಂಗೆಯೊಂದನ್ನು ಕಡಿದು ಆ ಕಲ್ಲಿನ ಮೇಲೆ ಹಾಕಿದೆ.

ಈಗ ಹೋಗುವಾಗಲೆಲ್ಲ ಹಾಕುತ್ತೇನೆ. ಮೈದುನ ಅಪಚಾರ ಎಂದ. ಆ ಕಲ್ಲಿನವಳೇ ಬಂದು ಬೇಡ ಎನ್ನಲಿ, ಬಿಡುತ್ತೇನೆ ಎಂದೆ. ಇನ್ನೂ ಬಂದಿಲ್ಲ.