ಬಿಚ್ಚಬಾರದ ಬಂದೂಕು

ಬೆಳಗಿನ ಐದು ಗಂಟೆ. ಪಿಯೆಲಿನೆನ್ ಸರೋವರದ ಮಂಜುಗಡ್ಡೆ ವಸಂತದ ಬಿಸಿಲಿಗೆ ಸಡಿಲಾಗಿ ಬೂದುಬಣ್ಣಕ್ಕೆ ತಿರುಗಿದೆ. ಇನ್ನು ಈ ವರ್ಷ ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಕೊಯಿವುವಾರಾ ಗುರಿಗಾರರ ಸಂಘದ ಹಿಂಬದಿಯ ಕೋಣೆಯಲ್ಲಿ ಇರ್ಯಾ ಹಾವುಕೈನೆನ್ ಮೇಣದಬತ್ತಿ ಹಚ್ಚುತ್ತಾರೆ. ತಲೆಯ ಮೇಲೆ ವಿದ್ಯುದ್ದೀಪ ಉರಿಯುತ್ತಲೇ ಇದೆ. ಬತ್ತಿ ಬೇಕಾಗಿರುವುದು ಮಸಿಗಾಗಿ.

ಮೇಜಿನ ಮೇಲೆ ಸೈನ್ಯದ ಹಳೆಯ ಬಂದೂಕೊಂದು ಎರಡಾಗಿ ಮಲಗಿದೆ. ಮರದ ಒಡಲು ಒಂದು ಕಡೆ, ಉಕ್ಕಿನ ನಳಿಗೆ ಇನ್ನೊಂದು ಕಡೆ. ಇರ್ಯಾ ಉಕ್ಕಿನ ಅಡಿಭಾಗವನ್ನು ಜ್ವಾಲೆಯ ಮೇಲೆ ಆಡಿಸಿ ತೆಳುವಾಗಿ ಮಸಿ ಹಿಡಿಸುತ್ತಾರೆ. ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಅದನ್ನು ಮರದೊಳಗೆ ಇಳಿಸಿ, ಒತ್ತಿ, ನೇರವಾಗಿ ಮೇಲೆತ್ತುತ್ತಾರೆ. ಮರದಲ್ಲಿ ಒಂದೆಡೆ ಕಪ್ಪು ಚುಕ್ಕೆ ಬಿದ್ದಿದೆ. ಅಲ್ಲಿ ಮರ ಉಬ್ಬಿದೆ ಎಂದರ್ಥ. ಉಳಿಯ ತುದಿಯಿಂದ ಅಷ್ಟನ್ನು ಮಾತ್ರ ಕೆರೆಯುತ್ತಾರೆ. ಉದುರುವುದು ಸಕ್ಕರೆಯ ಒಂದು ಹರಳಿನಷ್ಟು ಬರ್ಚ್ ಮರದ ಪುಡಿ. ಮತ್ತೆ ಮಸಿ, ಮತ್ತೆ ಇಳಿಸುವುದು, ಮತ್ತೆ ಎತ್ತುವುದು. ಒಂದು ಬಂದೂಕಿಗೆ ಇದು ಅರವತ್ತು ಎಪ್ಪತ್ತು ಸಲ ನಡೆಯುತ್ತದೆ.

"ಎಲ್ಲಿ ನೋಯ್ತಿದೆ ಅಂತ ಕಬ್ಬಿಣ ಬಾಯಿಬಿಟ್ಟು ಹೇಳಲ್ಲ. ಮಸಿ ಹೇಳತ್ತೆ" ಎನ್ನುತ್ತಾರೆ ಇರ್ಯಾ, ಕಣ್ಣು ಮೇಲೆತ್ತದೆ.

ಅವರಿಗೀಗ ಅರವತ್ತೆಂಟು. ಬೆರಳಿನ ಬಿರುಕುಗಳಲ್ಲಿ ಕೂತ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. ಕಳೆದ ನವೆಂಬರಿನಲ್ಲಿ ಗಂಡ ಎಸ್ಕೊ ಅವರನ್ನು ಮಣ್ಣು ಮಾಡಿದ ದಿನ, ಚರ್ಚಿನೊಳಗೂ ಅವರು ಕೈಗವಸು ತೆಗೆದಿರಲಿಲ್ಲ.

ಈ ಸೀಮೆಯಲ್ಲಿ ಯುದ್ಧಕಾಲದ ಬಂದೂಕು ಕೊಳ್ಳುವವರು ಬೇಟೆಗೆಂದು ಕೊಳ್ಳುವುದಿಲ್ಲ. ಹರಾಜಿನಲ್ಲೋ, ತೀರಿಹೋದ ಅಜ್ಜನ ಕಪಾಟಿನಿಂದಲೋ ಎಂಬತ್ತು ವರ್ಷದ ಬಂದೂಕು ಹಿಡಿದು, ಪೊಲೀಸರಿಂದ ಪರವಾನಗಿ ಪಡೆದು, ಮೇ ತಿಂಗಳ ಪರಂಪರೆಯ ಗುರಿ ಸ್ಪರ್ಧೆಗೆ ತಯಾರಾಗುತ್ತಾರೆ. ಹೊರರೂಪ ಸೈನ್ಯ ಕೊಟ್ಟಂತೆಯೇ ಇರಬೇಕು, ದುರ್ಬೀನು ಹಾಕುವಂತಿಲ್ಲ ಎಂಬುದು ಅಲ್ಲಿನ ನಿಯಮ. ಗುರಿ ಸುಧಾರಿಸಬೇಕೆಂದರೆ ಮರ ಮತ್ತು ಉಕ್ಕು ಒಳಗೊಳಗೇ ಒಂದಕ್ಕೊಂದು ಹೊಂದಬೇಕು. ಅದನ್ನು ಇಲ್ಲಿನವರು 'ಕೂರಿಸುವುದು' ಎನ್ನುತ್ತಾರೆ. ಮಾಡಿ ಮುಗಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ.

ಕೊಳ್ಳುವವರಿಗೆ ಇರ್ಯಾ ಹೇಳುವ ಬುದ್ಧಿಮಾತು ಒಂದೇ. "ಎಲ್ರೂ ಮರದ ಹೊಳಪು ನೋಡಿ ಮರುಳಾಗ್ತಾರೆ. ಮೊದ್ಲು ನಳಿಗೆಯ ಬಾಯಿಗೆ ಒಂದು ಗುಂಡಿನ ಮೂತಿ ಇಟ್ಟು ನೋಡಿ. ತೋಟಾದ ಕುತ್ತಿಗೆವರೆಗೂ ಇಳಿದುಹೋಯ್ತು ಅಂದ್ರೆ ಬಾಯಿ ಸವೆದಿದೆ ಅಂತ. ಅಂಥದ್ದನ್ನ ಗೋಡೆಗೆ ನೇತುಹಾಕ್ಕೊಳ್ಳಿ, ಇಲ್ಲಿಗೆ ತರಬೇಡಿ."

ಒಂದು ಬಂದೂಕಿಗೆ ನಲವತ್ತು ಗಂಟೆಯ ಕೆಲಸ. ಬರುವಾಗ ನೂರು ಮೀಟರಿನಲ್ಲಿ ಹತ್ತು ಗುಂಡು ಹಾರಿಸಿದರೆ ಊಟದ ತಟ್ಟೆಯಗಲ ಚೆದುರುತ್ತವೆ. ಹೋಗುವಾಗ ಕಾಫಿ ಲೋಟದ ಬಾಯಿಯೊಳಗೆ ಬೀಳುತ್ತವೆ. ಹದಿಮೂರು ವರ್ಷಗಳಲ್ಲಿ ಇಂಥ ನೂರ ಅರವತ್ತೆರಡು ಬಂದೂಕುಗಳು ಈ ಕೈಯಿಂದ ಹೋಗಿವೆ. ಊರಿನವರ ಲೆಕ್ಕದಲ್ಲಿ ಮಾತ್ರ ಅಷ್ಟೂ ಎಸ್ಕೊ ಕೂರಿಸಿದವು.

ಕೆಲಸ ಮೊದಲು ಎಸ್ಕೊ ಅವರದೇ ಆಗಿತ್ತು. ಪ್ಲೈವುಡ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇರ್ಯಾ ಸಂಜೆ ಬಂದು ಬತ್ತಿ ಹಿಡಿಯುತ್ತಿದ್ದರು, ಗುಡಿಸುತ್ತಿದ್ದರು, ನೋಡುತ್ತಿದ್ದರು. ಗೋಡೆಯ ಮೇಲಿನ ಪರವಾನಗಿಯಲ್ಲಿ ಅವರ ಹೆಸರಿನ ಮುಂದೆ 'ಸಹಾಯಕಿ' ಎಂದಿದೆ. ಆಮೇಲೆ ಎಸ್ಕೊ ಅವರ ಬಲಗೈ ನಡುಗತೊಡಗಿತು. ಕಾಫಿ ತಟ್ಟೆ ಮೊದಲು ಸದ್ದು ಮಾಡಿತು, ಆಮೇಲೆ ಉಳಿ ಜಾರಿತು. ಒಂದು ದಿನ ಇರ್ಯಾ ಉಳಿಯನ್ನು ಅವರ ಕೈಯಿಂದ ತೆಗೆದುಕೊಂಡರು. ಅವರೂ ಕೊಟ್ಟರು. ಆ ವಿಷಯ ಇಬ್ಬರ ನಡುವೆ ಎಂದೂ ಮಾತಾಗಿ ಬರಲೇ ಇಲ್ಲ.

ಒಂದು ಕೆಲಸವನ್ನು ಮಾತ್ರ ಎಸ್ಕೊ ಬಿಟ್ಟುಕೊಡಲಿಲ್ಲ. ಎಲ್ಲ ಮುಗಿದ ಮೇಲೆ "ಸ್ಕ್ರೂ ನಾನು ಹಾಕ್ತೀನಿ, ನೀನು ಕಾಫಿ ಇಡು ಹೋಗು" ಎನ್ನುತ್ತಿದ್ದರು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿಕೊಂಡು ಎರಡು ಸ್ಕ್ರೂ ಬಿಗಿಯಲು ಅವರಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಮುಚ್ಚುವ ಮೊದಲು ಮರದೊಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯುವುದು ಈ ಕಸುಬಿನ ವಾಡಿಕೆ. ಎಸ್ಕೊ ಹಿಂದಿನಂತೆ ತಮ್ಮ ಹೆಸರನ್ನೇ ಬರೆಯುತ್ತಾರೆ ಎಂದು ಇರ್ಯಾ ತಿಳಿದಿದ್ದರು. ಬಿಚ್ಚಿ ನೋಡುವ ಹಾಗಿರಲಿಲ್ಲ. ಕೂರಿಸಿದ ಬಂದೂಕನ್ನು ಕಾರಣವಿಲ್ಲದೆ ಬಿಚ್ಚಿದರೆ ಕೂತದ್ದು ಕದಲುತ್ತದೆ.

"ಒಲೆ ಮುಂದೆ ನಿಂತಾಗ ಇಲ್ಲೊಂದು ಚೂರು ಚುಚ್ಚೋದು" ಎಂದು ಎದೆ ಮುಟ್ಟಿ ತೋರಿಸುತ್ತಾರೆ ಇರ್ಯಾ. "ಅವ್ರಿಗೂ ಏನಾದ್ರೂ ಉಳೀಬೇಕಲ್ಲ ಅಂದ್ಕೊಂಡು ಸುಮ್ನಾಗ್ತಿದ್ದೆ."

ಮಾರ್ಚಿನಲ್ಲಿ ಸಂಘದಿಂದ ಪತ್ರ ಬಂತು. ಎಸ್ಕೊ ಹೋದ ಮೇಲೆ ಈ ಕೆಲಸ ಬಲ್ಲವರು ಯಾರೂ ಉಳಿಯದ ಕಾರಣ, ಏಪ್ರಿಲ್ ಕೊನೆಗೆ ಕೋಣೆ ತೆರವು ಮಾಡಿ ಹೊಸ ಎಲೆಕ್ಟ್ರಾನಿಕ್ ಗುರಿಫಲಕಗಳ ಕಂಪ್ಯೂಟರ್ ಇಡಲಾಗುವುದು. ಕೆಳಗೆ ಅಧ್ಯಕ್ಷ ಕಾಲೆವಿ ಅವರ ಸಹಿ. ಮರದ ಲಾರಿ ಓಡಿಸಿ ನಿವೃತ್ತರಾದ ಕಾಲೆವಿ, ಇರ್ಯಾ ಅವರ ಶಾಲಾ ಸಹಪಾಠಿ. ಎಸ್ಕೊ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ.

ಬಲ್ಲವಳು ನಾನಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಕೋಣೆ ಉಳಿಯುತ್ತಿತ್ತು. ಆ ಮಾತಿನ ಹಿಂದೆಯೇ, ಹಾಗಾದರೆ ಎಸ್ಕೊ ಹದಿಮೂರು ವರ್ಷ ಏನು ಮಾಡಿದ ಎಂಬ ಪ್ರಶ್ನೆ ಬರುತ್ತಿತ್ತು. "ಸತ್ತೋರು ಎದ್ದು ಬಂದು ಉತ್ತರ ಕೊಡಕ್ಕಾಗತ್ತಾ?" ಎನ್ನುತ್ತಾರೆ ಇರ್ಯಾ. ಬಾಯಿ ಮುಚ್ಚಿಕೊಂಡು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಎರಡು ಪೆಟ್ಟಿಗೆ ತುಂಬಿದರು.

ಮೂರನೆಯ ಪೆಟ್ಟಿಗೆ ತೆರೆಯುವ ಹೊತ್ತಿಗೆ ಹಿಲ್ಕಾ ಬಂದರು. ಪಕ್ಕದೂರಿನ ಅಂಚೆಯವಳು, ಐವತ್ತರ ಹೆಂಗಸು, ಇರ್ಯಾ ಜೊತೆ ಹಳೆಯ ಸಲುಗೆ. ಹರಾಜಿನಲ್ಲಿ ಕೊಂಡ ಬಂದೂಕು ಹೆಗಲಲ್ಲಿತ್ತು, ಮುಖ ಸಪ್ಪಗಿತ್ತು.

"ಒಳ್ಳೇ ಬಂದೂಕು ಅಂದ್ರು, ಕೊಂಡ್ಕೊಂಡೆ. ಮೊದಲ ದಿನ ಬಂಗಾರದ ಹಾಗೆ ಹೊಡೀತು. ಆಮೇಲೆ ಪೂರ್ತಿ ಬಿಚ್ಚಿ ಚೊಕ್ಕ ಮಾಡಿದೆ. ಈಗ ಗೋಡೆಗೆ ಬಟಾಣಿ ಎರಚಿದ ಹಾಗೆ ಹೊಡೀತಿದೆ ಕಣೇ."

"ಒಳಗೆ ತೆಳ್ಳಗಿನ ಹಿತ್ತಾಳೆ ತಗಡಿತ್ತಾ?"

"ಉಗುರಿನಷ್ಟು. ಜಿಡ್ಡು ಹಿಡಿದಿತ್ತು. ಕಸ ಅಂತ ಬಿಸಾಕಿದೆ."

"ಕಸ ಅಲ್ಲ, ಅದೇ ಬಂದೂಕಿನ ಜೀವ! ಮನೆ ಗುಡಿಸ್ತೀನಿ ಅಂತ ಅಡಿಗಲ್ಲನ್ನೇ ಎತ್ತಿ ಎಸೆದಿದ್ದೀಯಲ್ಲೇ."

"ಬೈಯಿ, ಬೈಸ್ಕೊಳ್ಳೋಕೇ ಬಂದೆ. ನೀನೇ ಕೂರಿಸಿದ್ದು, ನೀನೇ ಸರಿ ಮಾಡು."

"ನಾನು ಕೂರಿಸಿದ್ದು ಅಂತ ಯಾರು ಹೇಳಿದ್ರು?"

ಹಿಲ್ಕಾ ಹುಬ್ಬೇರಿಸಿದರು. "ಒಳಗೆ ಬರೆದಿದೆಯಲ್ಲೇ. ಮೂವತ್ತು ವರ್ಷ ಜನರ ಕೆಟ್ಟ ಕೆಟ್ಟ ಅಕ್ಷರ ಓದಿದ್ದೀನಿ ನಾನು. ಇಷ್ಟು ಸೊಟ್ಟದ್ದು ನೋಡಿರಲಿಲ್ಲ, ಆದ್ರೂ ಓದಿದೆ."

ಇರ್ಯಾ ಎರಡೂ ಸ್ಕ್ರೂ ಬಿಚ್ಚಿ ನಳಿಗೆ ಎತ್ತಿದರು. ಮರದ ಹೊಟ್ಟೆಯಲ್ಲಿ, ನಡುಗಿ ನಡುಗಿ ಎಳೆದ ಪೆನ್ಸಿಲ್ ಗೆರೆಗಳು: 'ಇರ್ಯಾ ಕೂರಿಸಿದ್ದು. ನಾನು ಸ್ಕ್ರೂ ಮಾತ್ರ ಹಾಕಿದೆ. ಎ. ಹಾ., 9.3.2014.'

ಎರಡು ಸಲ ಓದಿದರು. ಆಮೇಲೆ ಹಿಲ್ಕಾಗೆ, "ನೀನು ಕಾಫಿ ಇಡು ಹೋಗು" ಎಂದರು.

ಹೊಸ ತಗಡಿನ ದಪ್ಪ ಹುಡುಕುವುದಕ್ಕೇ ಮೂರು ದಿನ ಹಿಡಿಯಿತು. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಿಂದ ಶುರು ಮಾಡಿ, ಕತ್ತರಿಸಿ, ಇಟ್ಟು, ಹೊಡೆದು ನೋಡಿ, ಮತ್ತೆ ಬಿಚ್ಚಿ. ನಿನ್ನೆ ಹತ್ತರಲ್ಲಿ ಒಂಬತ್ತು ಗುಂಡು ಲೋಟದ ಬಾಯಿಯೊಳಗೆ ಬಿದ್ದವು. ಉಳಿದ ಆ ಒಂದಕ್ಕಾಗಿಯೇ ಇವತ್ತಿನ ಬತ್ತಿ, ಇವತ್ತಿನ ಮಸಿ.

ಏಳು ಗಂಟೆಗೆ ಬಾಗಿಲು ಬಡಿಯುವ ಸದ್ದು. ಹಿಲ್ಕಾ, ಕೈಯಲ್ಲಿ ಅನ್ನ ತುಂಬಿದ ರೈ ಹಿಟ್ಟಿನ ಕಡುಬುಗಳ ಪೊಟ್ಟಣ. ಹಿಂದೆಯೇ ಕಾಲೆವಿ, ಒಂದು ಕೈಯಲ್ಲಿ ತಮ್ಮ ಬಂದೂಕು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್. ಅಂಚೆಯವಳು ಕಾಗದದ ಜೊತೆಗೆ ಸುದ್ದಿಯನ್ನೂ ಹಂಚಿದ್ದಾಳೆಂದು ಇರ್ಯಾಗೆ ಅರ್ಥವಾಗುತ್ತದೆ.

"ಇದನ್ನ ಬಿಚ್ಚು" ಎನ್ನುತ್ತಾರೆ ಕಾಲೆವಿ. "ಆರು ವರ್ಷದ ಹಿಂದೆ ಎಸ್ಕೊ ಕೈಯಿಂದ ಇಸ್ಕೊಂಡೆ. ಒಳಗೆ ಏನಿದೆ ಅಂತ ನಾನೇ ನೋಡ್ಬೇಕು."

"ಸ್ಪರ್ಧೆಗೆ ಎಷ್ಟು ದಿನ ಇದೆ?"

"ಮೂರು ವಾರ."

"ಹಾಗಾದ್ರೆ ಬಿಚ್ಚಲ್ಲ."

"ನನ್ನ ಬಂದೂಕು ಇರ್ಯಾ, ನಾನು ಹೇಳ್ತಿದ್ದೀನಿ."

"ಬಂದೂಕು ನಿಂದು. ಕೂರಿಸಿದ ಕೆಲಸ ನಂದು."

ಆ ಮಾತು ಬಾಯಿಂದ ಜಾರಿದ ಮೇಲೆ ಇರ್ಯಾ ಉಳಿ ಕೆಳಗಿಡುತ್ತಾರೆ. ಕಾಲೆವಿ ಟೋಪಿ ತೆಗೆಯುತ್ತಾರೆ. ಅವರ ನೋಟ ಮೇಜಿನ ಮೇಲೆ ತೆರೆದಿರುವ ಹಿಲ್ಕಾಳ ಬಂದೂಕಿನ ಕಡೆ, ಆ ಸೊಟ್ಟ ಅಕ್ಷರಗಳ ಕಡೆ ಹೋಗುತ್ತದೆ. ಬಹಳ ಹೊತ್ತು ಓದುತ್ತಾರೆ.

"ಒಂದು ಮಾತು ಹೇಳೋದಲ್ವಾ ನೀನು?"

"ನಿನ್ನ ಬಂದೂಕು ಎಲ್ಲಿಗೆ ಹೊಡಿಯತ್ತೆ?"

"ಫಲಕದ ನಡುವಿನ ಹತ್ತಕ್ಕೆ. ಯಾವಾಗ್ಲೂ ಹತ್ತಕ್ಕೇ."

"ಹಾಗಾದ್ರೆ ಹೇಳೋಕೇನಿತ್ತು?"

ಹಿಲ್ಕಾ ಸುಮ್ಮನಿರುವವರಲ್ಲ. "ಕಂಪ್ಯೂಟರ್ ಪಾಪ ಎಲ್ಲಿ ಮಲಗತ್ತೆ ಈಗ, ಅಧ್ಯಕ್ಷರೇ?"

"ಸೌನಾ ಹಬೆಮನೆಯ ಬಟ್ಟೆಕೋಣೆಯಲ್ಲಿ ಮಲಗಲಿ, ಬೆಚ್ಚಗಿರತ್ತೆ" ಎನ್ನುತ್ತಾರೆ ಕಾಲೆವಿ. ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿ, ಬಾಗಿಲ ಬಳಿ ನಿಲ್ಲುತ್ತಾರೆ. ಅಲ್ಲಿ 'ಎಸ್ಕೊ ಹಾವುಕೈನೆನ್' ಎಂಬ ಹಲಗೆ ಇದೆ. "ಇದನ್ನ ಬದಲಾಯಿಸ್ಬೇಕು."

"ಮುಟ್ಟಬೇಡ. ಅದು ಹಾಗೇ ಇರಲಿ" ಎನ್ನುತ್ತಾರೆ ಇರ್ಯಾ. "ನನಗೆ ಕೋಣೆ ಸಾಕು. ಬೆಳಿಗ್ಗೆ ಐದಕ್ಕೆ ಎದ್ದರೆ ಹೋಗೋಕೆ ಒಂದು ಜಾಗ ಇರ್ಬೇಕು, ಅಷ್ಟೇ."

ಅವರು ಹೋದ ಮೇಲೆ ಇರ್ಯಾ ಕೊನೆಯ ಸಲ ಮಸಿ ಹಿಡಿಸಿ ಇಳಿಸಿ ಎತ್ತುತ್ತಾರೆ. ಕಪ್ಪು ಎಲ್ಲ ಕಡೆ ಒಂದೇ ಸಮನೆ ಹರಡಿದೆ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಗಂಡನ ಸಾಲಿನ ಕೆಳಗೆ, ನಡುಗದ ಅಕ್ಷರಗಳಲ್ಲಿ ಬರೆಯುತ್ತಾರೆ:

'ಈ ಸಲ ಸ್ಕ್ರೂ ಕೂಡ ನಾನೇ ಹಾಕಿದೆ. ಇ. ಹಾ.'

ನಳಿಗೆ ಮರದೊಳಗೆ ಇಳಿಯುತ್ತದೆ. ಇರ್ಯಾ ಎರಡು ಸ್ಕ್ರೂಗಳನ್ನೂ ಅವಸರವಿಲ್ಲದೆ, ಅರ್ಧ ಗಂಟೆ ತೆಗೆದುಕೊಂಡು ಬಿಗಿಯುತ್ತಾರೆ.