ಸಣ್ಣಪ್ಪನವರು ಅಳಿಸಿದ ಕೋರೆಹಲ್ಲು

ಹಸುವಿನ ಕಿವಿ ಕೊಂಬಿನ ಮುಂದಿದೆಯೋ ಹಿಂದಿದೆಯೋ ಎಂಬ ಅನುಮಾನ ಬಂದರೆ ಪೇಂಟರ್ ಸಣ್ಣಪ್ಪನವರು ಏಣಿಯಿಂದ ಇಳಿದು, ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು, ಹಸು ಹುಡುಕಿಕೊಂಡು ಹೋಗುತ್ತಿದ್ದರು. ಪಿರಿಯಾಪಟ್ಟಣದ ಗೋಡೆಗಳ ಮೇಲೆ ಚುನಾವಣೆಗೆ ಬರುತ್ತಿದ್ದ ವ್ಯಂಗ್ಯಚಿತ್ರಗಳೆಲ್ಲ ಅವರವೇ. “ಸುಳ್ಳು ಬರೀಬೌದು ಕಣಪ್ಪ, ತಪ್ಪು ಬರೀಬಾರ್ದು,” ಎನ್ನುತ್ತಿದ್ದರು.

ಪಕ್ಕದ ಬೈಲುಕುಪ್ಪೆಗೆ ಟಿಬೆಟ್‌ನ ನಿರಾಶ್ರಿತರು ಬಂದು ಏಳೆಂಟು ವರ್ಷವಾಗಿತ್ತು. ಕಾಡು ಕಡಿದು ಅವರಿಗೆ ಜಮೀನು ಕೊಟ್ಟರೆಂಬ ಸಿಟ್ಟು ಕೆಲವರಲ್ಲಿ ಇನ್ನೂ ಆರಿರಲಿಲ್ಲ. ಆ ಸಲ ಒಬ್ಬ ಅಭ್ಯರ್ಥಿಯ ಕಡೆಯವರು ಬಸ್ ನಿಲ್ದಾಣದ ಎದುರಿನ ಗೋಡೆ ತೋರಿಸಿ ಅವಸರ ಮಾಡಿದರು. ಸಣ್ಣಪ್ಪನವರು ಯಾರನ್ನೂ ನೋಡಲು ಹೋಗದೆ ಬರೆದರು: ಕೋರೆಹಲ್ಲಿನ ಟಿಬೆಟ್ ಗಂಡಸು, ಸೊಂಟಕ್ಕೆ ಪಟ್ಟೆಪಟ್ಟೆಯ ಬಟ್ಟೆ, ತಟ್ಟೆಯ ತುಂಬ ನಮ್ಮ ಹೊಲಗದ್ದೆ, ಕಾಲಡಿ ಇರುವೆಯಷ್ಟು ರೈತ. ಕೆಳಗೊಂದು ಸಾಲು ಬೇಕೆಂದರು. ಆಗಷ್ಟೇ ಬಿ.ಎ. ಮುಗಿಸಿದ್ದ ನಾನು ‘ಬಂದವರಿಗೆ ಊಟ, ನಮಗೆ ನೋಟ’ ಎಂದು ಬರೆದುಕೊಟ್ಟೆ. ಜನ ನಕ್ಕರು. ನನ್ನ ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಆದರೆ ನಾನೂ ನಕ್ಕಿದ್ದು ನಿಜ.

ಮಾರನೆಯ ದಿನ, ಸಂತೆಗೆ ಜೋಳ ತಂದಿದ್ದ ಟಿಬೆಟ್ ಹೆಂಗಸೊಬ್ಬಳು ಗೋಡೆಯ ಮುಂದೆ ನಿಂತಳು. ಬೈಯುತ್ತಾಳೆಂದು ಕಾದೆವು. ಅವಳು ತನ್ನ ಸೊಂಟದ ಬಟ್ಟೆ ತೋರಿಸಿ, “ಅಣ್ಣಾ, ಇದು ಮದುವೆ ಆದ ಹೆಂಗಸು ಕಟ್ಟೋದು. ಗಂಡಸು ಕಟ್ಟಲ್ಲ,” ಎಂದಳು.

ಸಣ್ಣಪ್ಪನವರ ಮುಖ ಸಣ್ಣದಾಯಿತು. ಅವಳನ್ನು ಕೂರಿಸಿ, ಟೀ ತರಿಸಿ, ಗೋಡೆಯ ಗಂಡಸನ್ನು ಹೆಂಗಸಾಗಿ ತಿದ್ದತೊಡಗಿದರು. ಪಟ್ಟೆಗಳ ಬಣ್ಣ, ಜಡೆ, ಕೆನ್ನೆ. ಆನೆಗಳು ತನ್ನ ಜೋಳ ತಿಂದದ್ದನ್ನು ಅವಳು ಹೇಳಿಕೊಂಡಳೋ, ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ತಿಳಿಯದು. ಅವಳು ಎದ್ದು ಹೋಗುವಷ್ಟರಲ್ಲಿ ಗೋಡೆಯ ಮೇಲೆ ಕೋರೆಹಲ್ಲು ಇರಲಿಲ್ಲ.

ಅಭ್ಯರ್ಥಿಯ ಕಡೆಯವನು ಬಂದು ರೇಗಿದ. ಹಲ್ಲು ಹಾಕದಿದ್ದರೆ ಈ ತಾಲೂಕಿನಲ್ಲಿ ಇನ್ನೊಂದು ಗೋಡೆ ಸಿಗದು ಎಂದ.

“ಎದುರ್ಗೇ ಕೂತು ನಕ್ಕವ್ಳೆ ಬುದ್ಧಿ. ಅಂತಾ ಹಲ್ಲಿಲ್ಲ. ಕಂಡ್ಮೇಲೆ ಎಂಗ್ ಬರೀಲಿ?” ಎಂದರು ಸಣ್ಣಪ್ಪನವರು.

ಗೋಡೆಗಳು ಸಿಗಲಿಲ್ಲ. ಅವರು ಹುಣಸೂರಿಗೆ ಹೋಗಿ ಲಾರಿಗಳಿಗೆ ಹೆಸರು ಬರೆಯುತ್ತಾ ಉಳಿದರು. ನನ್ನ ಸಾಲು ಮಾತ್ರ ಮುಂದಿನ ಮಳೆಗಾಲದವರೆಗೂ ಗೋಡೆಯ ಮೇಲಿತ್ತು. ಅದರ ಮುಂದೆಯೇ ನಾನು ದಿನವೂ ಬಸ್ಸು ಹತ್ತುತ್ತಿದ್ದೆ.

ಕೊನೆಯ ಸಲ ಹುಣಸೂರಿನಲ್ಲಿ ಕಂಡಾಗ ಅವರು ಲಾರಿಯೊಂದರ ಬಾಗಿಲಿಗೆ ಹೆಸರು ಬರೆಯುತ್ತಿದ್ದರು. ಹಲ್ಲು ಅಳಿಸಿದವರು ನನ್ನ ಸಾಲನ್ನು ಯಾಕೆ ಬಿಟ್ಟಿರಿ ಎಂದು ಕೇಳಿಯೇಬಿಟ್ಟೆ.

“ಅಕ್ಸರ ನಿಂದಲ್ವಾ,” ಎಂದರು. “ನೀನೇ ಬಂದು ಅಳುಸ್ತೀಯ ಅಂತ, ಅವತ್ತು ಕತ್ಲಾಗೋಗಂಟ ಸುಣ್ಣ ಕಲ್ಸಿಟ್ಕಂಡು ಕಾದೆ ಕಣಪ್ಪ.”