ಎದುರುಮನೆಯ ಮಹಡಿ

ಡ್ಯಾಮಿನ ಗೇಟು ತೆಗೆದರೆ ಭದ್ರಾ ಹೊಳೆ ನಮ್ಮ ಹೊಸ್ತಿಲಿಗೇ ಬರುತ್ತದೆ. ಭದ್ರಾವತಿಯ ಹಳೇನಗರದ ತಗ್ಗಿನ ಬೀದಿ ನಮ್ಮದು. ಹೋದ ಮಳೆಗಾಲದಲ್ಲಿ ಎಲ್ಲರ ಅಕ್ಕಿ, ಹಾಸಿಗೆ ತೊಯ್ದುಹೋದ ಮೇಲೆ ಬೀದಿಯವರೆಲ್ಲ ಕೂತು ಒಂದು ಕಟ್ಟಳೆ ಮಾಡಿಕೊಂಡೆವು. ಮಳೆ ಹಿಡಿಯುವ ಮೊದಲೇ ಪ್ರತಿ ಮನೆಯವರೂ ಮನೆಪತ್ರ, ಬಟ್ಟೆ, ಒಂದಿಷ್ಟು ಅಕ್ಕಿ ಗಂಟು ಕಟ್ಟಿ ಮಹಡಿಮನೆಯಲ್ಲಿ ಇಡಬೇಕು. ನೀರು ಏರಿದರೆ ಅಲ್ಲಿಗೇ ಹೋಗಬೇಕು. ಮಹಡಿ ಇದ್ದದ್ದು ನಮಗೆ ಮತ್ತು ಎದುರುಮನೆಯವಳಿಗೆ ಮಾತ್ರ.

ನಮ್ಮದು ಟೈಲ್ಸ್ ಹಾಕಿದ ದೊಡ್ಡ ಹಾಲ್. ಅವಳದು, ಗಂಡ ಕಾರ್ಖಾನೆಯಿಂದ ರಿಟೈರಾದಾಗ ಕಟ್ಟಿಸಿದ ಶೀಟಿನ ಕೋಣೆ. ನಾನು ನೆಲ ಒರೆಸಿ, ಚಾಪೆ ಹಾಸಿ, ಎಲ್ಲರಿಗೂ ಹೇಳಿದ್ದು ಇಷ್ಟೇ: "ಚಪ್ಪಲಿ ಕೆಳಗೇ ಬಿಡಿ. ಮೀನು, ಮೊಟ್ಟೆ ಮೇಲೆ ತರಬೇಡಿ. ನಮ್ಮತ್ತೆಗೆ ಮಡಿ ಜಾಸ್ತಿ." ಅವಳು, "ಬನ್ನಿ, ಹೆಂಗೋ ಜಾಗ ಮಾಡ್ಕೊಳ್ಳೋಣ" ಅಂದಳು. ಬೀದಿಯ ಗಂಟುಗಳೆಲ್ಲ ಅವಳ ಮೆಟ್ಟಿಲು ಹತ್ತಿದವು. ನಮ್ಮ ಹಾಲ್‌ನಲ್ಲಿ ಉಳಿದದ್ದು ನಮ್ಮದೇ ಗಂಟು. ಹೊಟ್ಟೆ ಉರಿಯಿತು. ಅವಳ ಕೋಣೆ ಸೋರಲಿ ಎಂದೂ ಅಂದುಕೊಂಡೆ.

ಈ ವರ್ಷ ಒಂದು ಮಧ್ಯಾಹ್ನ, ನೀರು ಬಿಡುತ್ತಾರೆಂದು ಆಟೋದಲ್ಲಿ ಮೈಕ್ ಕಟ್ಟಿ ಕೂಗಿಕೊಂಡು ಹೋದರು. ಹೊಳೆ ಬೀದಿಗೆ ಬರುವಷ್ಟರಲ್ಲಿ ಬೀದಿಯೇ ಅವಳ ಮನೆಯಲ್ಲಿತ್ತು. ಯಜಮಾನರು ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೋದವರು, ಸೇತುವೆ ಮುಳುಗಿ ಆಚೆಯೇ ಉಳಿದಿದ್ದರು. ಅತ್ತೆಯನ್ನು ಮೇಲೆ ಕೂರಿಸಿ ಕಾಫಿ ಕೊಟ್ಟೆ. ಎದುರಿನಿಂದ ಒಗ್ಗರಣೆಯ ಘಮ, ಜೊತೆಗೆ ನಗು. ಹೊಳೆ ಬಂದರೂ ಇವರಿಗೆ ಹಬ್ಬ. ನಾನು ಕಿಟಕಿ ಮುಚ್ಚಿದೆ.

"ತೆಗಿ ಮಾರಾಯ್ತಿ," ಅಂದರು ಅತ್ತೆ. ಕಿಟಕಿ ತೆಗೆಸಿ ಕೆಳಗೆ ಬೀದಿ ನೋಡಿ, "ನೀರು ಇನ್ನೂ ಪಾದದ ಮಟ್ಟಕ್ಕಿದೆ. ನನ್ನ ಆ ಕಡೆ ದಾಟಿಸ್ತೀಯಾ?"

"ಅಲ್ಲಿ ಮೀನು ಬೇಯಿಸ್ತಾರೆ ಅತ್ತೆ."

"ಬೇಯಿಸ್ಲಿ. ನಾನೇನು ತಿನ್ನಕ್ಕೆ ಹೋಗ್ತೀನಾ? ಇಲ್ಲಿ ಮಾತಾಡಕ್ಕೆ ಯಾರಿದಾರೆ?"

ಯಾರ ಮಡಿಗೆಂದು ಬೀದಿಯನ್ನೇ ದೂರ ಇಟ್ಟಿದ್ದೆನೋ ಅವರನ್ನೇ ಕೈಹಿಡಿದು ದಾಟಿಸಿದೆ. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಬಾಗಿಲಿಗೇ ಬಂದಳು. "ನೀವೂ ಬನ್ನಿ ಅಕ್ಕಾ, ಜಾಗ ಇದೆ."

"ಮನೆ ನೋಡ್ಕೊಳ್ಳೋರು ಬೇಕಲ್ಲ," ಎಂದು ತಿರುಗಿ ಬಂದೆ.

ನಮ್ಮ ದೊಡ್ಡ ಹಾಲ್‌ನಲ್ಲಿ ಒಬ್ಬಳೇ ಕೂತೆ. ಆಚೆಯಿಂದ ಅತ್ತೆಯ ನಗು ಕೇಳಿಸಿತು. ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವರು ಹಾಗೆ ನಕ್ಕಿದ್ದೇ ಇಲ್ಲ.